ಒಂದೇ ದಿನದಲ್ಲಿ ಫ್ಲಾರೆನ್ಸ್: ಬೆಳಗಿನಿಂದ ಸಂಜೆಯವರೆಗೆ ಕಾಲ್ನಡಿಗೆಯಲ್ಲಿ

"ರೋಮ್‌ಗೆ ಮೂರು ದಿನ, ವೆನಿಸ್‌ಗೆ ಎರಡು ದಿನ ಇಟ್ಟುಕೊಂಡಿದ್ದೇವೆ. ನಡುವೆ ಫ್ಲಾರೆನ್ಸ್‌ಗೆ ಒಂದೇ ದಿನ. ಏನೇನು ನೋಡಬಹುದು?" ಇಟಲಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆ ಇದು. ಪ್ರಶ್ನೆಯ ಬೆನ್ನಿಗೇ ಒಂದು ಪಟ್ಟಿಯೂ ಇರುತ್ತದೆ: ಉಫಿಝಿ, ಅಕಾದೆಮಿಯಾ ಎಂಬ ಕಲಾಸಂಗ್ರಹಾಲಯಗಳು, ಗುಮ್ಮಟ, ಗಂಟೆಗೋಪುರ, ಪಿಟ್ಟಿ ಅರಮನೆ, ಸಾಧ್ಯವಾದರೆ ಸಂಜೆ ಪೀಸಾ. ಈ ಪಟ್ಟಿ ಹಿಡಿದು ಹೊರಟರೆ ಅರ್ಧ ದಿನ ಸರತಿ ಸಾಲಿನಲ್ಲಿ ಮುಂದಿನವರ ಬೆನ್ನು ನೋಡುತ್ತಾ ಕಳೆಯಬೇಕಾಗುತ್ತದೆ. ನನ್ನ ಸಲಹೆ ಇಷ್ಟೇ: ಟಿಕೆಟ್ ತೆಗೆದುಕೊಂಡು ಒಳಗೆ ಹೋಗುವ ಜಾಗ ಒಂದೇ ಒಂದು ಇರಲಿ. ಉಳಿದದ್ದನ್ನು ನಡೆದು ನೋಡಿ. ಹಳೆಯ ಊರು ಚಿಕ್ಕದು; ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಗಂಟೆಯ ನಡಿಗೆ. ಅಲ್ಲದೆ ಬೇರೆ ಊರುಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡುವಂಥ ಶಿಲ್ಪಗಳು ಇಲ್ಲಿ ಬೀದಿಯಲ್ಲಿ ನಿಂತಿವೆ, ನೋಡಲು ಕಾಸು ಕೊಡಬೇಕಿಲ್ಲ.

ಕೆಳಗೆ ಹೇಳಿರುವ ದಾರಿ ಎಂಟರಿಂದ ಹತ್ತು ಕಿಲೋಮೀಟರ್ ಆಗುತ್ತದೆ. ಕೊನೆಯ ಏರುದಾರಿ ಬಿಟ್ಟರೆ ಎಲ್ಲವೂ ಸಮತಟ್ಟು.

ಜೊತೆಗೆ ಏನಿರಬೇಕು

ಪಳಗಿದ ಷೂ. ಹೊಸದು ಬೇಡವೇ ಬೇಡ. ಬೀದಿಗಳಿಗೆಲ್ಲ ಕಲ್ಲುಚಪ್ಪಡಿ ಹಾಸಿದ್ದಾರೆ, ಮಳೆ ಬಂದರೆ ಜಾರುತ್ತದೆ, ತೆಳು ಅಟ್ಟೆಯ ಚಪ್ಪಲಿಗೆ ಮಧ್ಯಾಹ್ನದ ಹೊತ್ತಿಗೇ ಪಾದ ನೋಯುತ್ತದೆ. ಭುಜ ಮತ್ತು ಮಂಡಿ ಮುಚ್ಚುವ ಉಡುಪು, ಅಥವಾ ಹೊದೆಯಲು ಒಂದು ದುಪಟ್ಟಾ. ಇಲ್ಲದಿದ್ದರೆ ಚರ್ಚುಗಳ ಬಾಗಿಲಲ್ಲೇ ತಡೆಯುತ್ತಾರೆ. ನೀರಿನ ಬಾಟಲಿ, ಚಿಲ್ಲರೆ ಯೂರೋ ನಾಣ್ಯಗಳು (ಸಾರ್ವಜನಿಕ ಶೌಚಾಲಯಕ್ಕೆ ದುಡ್ಡು ಕೊಡಬೇಕು), ಪಾಸ್‌ಪೋರ್ಟ್, ಮೊಬೈಲಿನಲ್ಲಿ ಇಂಟರ್ನೆಟ್ ಇಲ್ಲದೆಯೂ ತೆರೆಯುವ ನಕ್ಷೆ. ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಟೋಪಿ ಮರೆಯಬೇಡಿ. "ಯೂರೋಪು ತಾನೇ, ತಂಪಾಗಿರುತ್ತದೆ" ಎಂದುಕೊಂಡು ಹೋದರೆ ಕಷ್ಟ. ಬೆಟ್ಟಗಳ ನಡುವಿನ ತಗ್ಗಿನಲ್ಲಿರುವ ಊರು ಅದು, ಬಿಸಿಲು 35 ಡಿಗ್ರಿ ದಾಟುವುದು ಅಲ್ಲಿ ಅಪರೂಪವಲ್ಲ.

1. ದಿನ ಆರಿಸಿ, ಒಂದು ಟಿಕೆಟ್ ಕಾಯ್ದಿರಿಸಿ

ಮೊದಲು ವಾರ ನೋಡಿ. ಉಫಿಝಿ ಮತ್ತು ಅಕಾದೆಮಿಯಾ ಎರಡಕ್ಕೂ ಸೋಮವಾರ ರಜೆ. ಭಾನುವಾರ ಬೆಳಿಗ್ಗೆ ದೊಡ್ಡ ಚರ್ಚುಗಳಲ್ಲಿ ಪೂಜೆ ನಡೆಯುವುದರಿಂದ ಪ್ರವಾಸಿಗರನ್ನು ಆಗ ಒಳಗೆ ಬಿಡುವುದಿಲ್ಲ. ತಿಂಗಳ ಮೊದಲ ಭಾನುವಾರ ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಉಚಿತ ಪ್ರವೇಶ ಎಂದು ಕೇಳಿ ಹಿಗ್ಗಬೇಡಿ. ಅಂದು ಸಮಯ ಕಾಯ್ದಿರಿಸಲಾಗದು, ಸಾಲು ಬೀದಿಯ ತಿರುವು ದಾಟಿರುತ್ತದೆ. ಮಂಗಳವಾರದಿಂದ ಶುಕ್ರವಾರದೊಳಗಿನ ಯಾವುದೇ ದಿನ ಒಳ್ಳೆಯದು.

ಒಳಗೆ ನೋಡುವುದಕ್ಕೆ ಮೂರು ಆಯ್ಕೆಗಳಿವೆ.

ಗುಮ್ಮಟ: ದುವೊಮೊದ (ಅಂದರೆ ಊರಿನ ಪ್ರಧಾನ ಚರ್ಚಿನ) ನೆತ್ತಿ. 463 ಮೆಟ್ಟಿಲು, ಲಿಫ್ಟ್ ಇಲ್ಲ, ಅರ್ಧ ಹತ್ತಿ ಹಿಂದಿರುಗುವುದೂ ಸುಲಭವಲ್ಲ. ಒಂದರ ಮೇಲೊಂದು ಕವಿದ ಎರಡು ಚಿಪ್ಪುಗಳಂತೆ ಕಟ್ಟಿದ ಗುಮ್ಮಟದ ನಡುವಿನ ಸಂದಿಯಲ್ಲೇ ಹತ್ತುತ್ತೀರಿ. ಕೆಳಗಿನಿಂದ ಮರದ ಆಧಾರ ಕೊಡದೆ ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ಇದನ್ನು ಹೇಗೆ ಎಬ್ಬಿಸಿದ ಎಂಬುದು ಇಟ್ಟಿಗೆಗಳನ್ನು ಹೆಣೆದಿರುವ ರೀತಿಯಲ್ಲೇ ಕಾಣುತ್ತದೆ.

ಅಕಾದೆಮಿಯಾ: ಮೈಕೆಲೆಂಜೆಲೊನ ಮೂಲ ಡೇವಿಡ್ ಶಿಲ್ಪ ಇರುವುದು ಇಲ್ಲಿ. ಐದು ಮೀಟರಿಗೂ ಮಿಕ್ಕಿದ ಎತ್ತರ. ಒಂದು ಗಂಟೆ ಸಾಕು. ಡೇವಿಡ್‌ನತ್ತ ಓಡುವ ಮುನ್ನ ಆ ಹಾದಿಯ ಎರಡೂ ಬದಿಯಲ್ಲಿರುವ ಅರೆಬರೆ ಕೆತ್ತಿದ ಕೈದಿಗಳ ಶಿಲ್ಪಗಳ ಮುಂದೆ ನಿಲ್ಲಿ. ಉಳಿಯ ಗುರುತುಗಳು ಹಾಗೆಯೇ ಇವೆ.

ಉಫಿಝಿ: ಬೊಟ್ಟಿಚೆಲ್ಲಿ, ಲಿಯೊನಾರ್ಡೊ, ಕಾರಾವಾಜ್ಜೊ ಅವರ ಚಿತ್ರಗಳು. ಕನಿಷ್ಠ ಮೂರು ಗಂಟೆ ಬೇಡುತ್ತದೆ.

ಮಂಡಿ ಗಟ್ಟಿ ಇರುವವರಿಗೆ ಗುಮ್ಮಟ, ಮಕ್ಕಳು ಹಿರಿಯರು ಜೊತೆಗಿದ್ದರೆ ಅಕಾದೆಮಿಯಾ ಎಂಬುದು ನನ್ನ ಲೆಕ್ಕ. ಚಿತ್ರಕಲೆಯ ಹುಚ್ಚಿಲ್ಲದವರು ಒಂದೇ ದಿನದ ಭೇಟಿಯಲ್ಲಿ ಉಫಿಝಿ ಬಿಡುವುದೇ ಮೇಲು. "ಅಷ್ಟು ದೂರ ಹೋಗಿ ಉಫಿಝಿ ನೋಡಲಿಲ್ಲವೇ?" ಎಂದು ಕೇಳುವವರು ಕೇಳಲಿ. ಮೂರನೆಯ ಕೋಣೆಯ ಹೊತ್ತಿಗೆ ಬೆಂಚು ಹುಡುಕುವವರನ್ನು ಅಲ್ಲಿ ಬೇಕಾದಷ್ಟು ನೋಡಬಹುದು.

ಎಚ್ಚರಿಕೆ: ಟಿಕೆಟ್ ಹುಡುಕಿದಾಗ ಮೊದಲು ಕಾಣುವ ತಾಣಗಳು ಬಹುಪಾಲು ಮಧ್ಯವರ್ತಿಗಳದ್ದು. ಹೆಸರು, ಚಿತ್ರ, ಬಣ್ಣ ಎಲ್ಲವೂ ಅಧಿಕೃತದಂತೆಯೇ ಇರುತ್ತವೆ, ಬೆಲೆ ಮಾತ್ರ ದುಪ್ಪಟ್ಟು. ವಸ್ತುಸಂಗ್ರಹಾಲಯದ ಸ್ವಂತ ತಾಣದಲ್ಲೇ ಕೊಳ್ಳಿ. ಗುಮ್ಮಟದ ಟಿಕೆಟ್‌ನಲ್ಲಿ ನಮೂದಿಸಿದ ಸಮಯ ತಪ್ಪಿದರೆ ಆಮೇಲೆ ಹತ್ತಲು ಬಿಡುವುದಿಲ್ಲ. ಬೆಳಗಿನ ಮೊದಲ ಹೊತ್ತುಗಳು ವಾರಗಳ ಮುಂಚೆಯೇ ಖಾಲಿಯಾಗುತ್ತವೆ. ವೀಸಾ ಕೈಗೆ ಬಂದ ಕೂಡಲೇ ಮಾಡುವ ಕೆಲಸ ಇದು.

2. ಸರಿಯಾದ ನಿಲ್ದಾಣದಲ್ಲಿ ಇಳಿಯಿರಿ

ರೈಲು ಫಲಕದಲ್ಲಿ ಫ್ಲಾರೆನ್ಸ್ ಎಂದು ಇರುವುದಿಲ್ಲ, ಫಿರೆಂಝೆ ಎಂದಿರುತ್ತದೆ. ಅದರಲ್ಲೂ ಮೂರು ಮುಖ್ಯ ನಿಲ್ದಾಣಗಳಿವೆ: ಸಾಂತಾ ಮಾರಿಯಾ ನೊವೆಲ್ಲಾ, ಕಾಂಪೊ ದಿ ಮಾರ್ತೆ, ರಿಫ್ರೆದಿ. ನಿಮಗೆ ಬೇಕಾದದ್ದು ಮೊದಲನೆಯದು. ಕೆಲವು ವೇಗದ ರೈಲುಗಳು ಕಾಂಪೊ ದಿ ಮಾರ್ತೆಯಲ್ಲಿ ಮಾತ್ರ ನಿಲ್ಲುತ್ತವೆ, ಟಿಕೆಟ್ ಕೊಳ್ಳುವಾಗಲೇ ನೋಡಿಕೊಳ್ಳಿ. ವೇಗದ ರೈಲಿನಲ್ಲಿ ರೋಮ್‌ನಿಂದ ಸುಮಾರು ಒಂದೂವರೆ ಗಂಟೆ, ಮಿಲಾನ್‌ನಿಂದ ಎರಡು ಗಂಟೆ, ಬೊಲೊನ್ಯಾದಿಂದ ಮುಕ್ಕಾಲು ಗಂಟೆಯೊಳಗೆ.

ಎಂಟೂವರೆಯೊಳಗೆ ಊರಿನಲ್ಲಿರುವಂತೆ ಬನ್ನಿ. ಸೂಟ್‌ಕೇಸ್ ಇದ್ದರೆ ನಿಲ್ದಾಣದಲ್ಲೇ ಸಾಮಾನು ಇರಿಸುವ ಕೌಂಟರ್ ಇದೆ. ಗಾಲಿಯ ಪೆಟ್ಟಿಗೆಯನ್ನು ಕಲ್ಲುಚಪ್ಪಡಿಯ ಮೇಲೆ ದಿನವಿಡೀ ಎಳೆಯುವ ಸಾಹಸ ಬೇಡ. ಕಾರಿನಲ್ಲಿ ಬರುವವರಿಗೆ ಒಂದು ಮಾತು: ಹಳೆಯ ಊರು ಪೂರ್ತಿ ನಿರ್ಬಂಧಿತ ವಲಯ. ಅನುಮತಿ ಇಲ್ಲದ ವಾಹನಗಳನ್ನು ಕ್ಯಾಮೆರಾ ಗುರುತಿಸುತ್ತದೆ, ದಂಡದ ನೋಟಿಸು ಬಾಡಿಗೆ ಕಾರಿನ ಕಂಪನಿಯ ಮೂಲಕ ತಿಂಗಳುಗಳ ನಂತರ ಬೆಂಗಳೂರಿನ ಮನೆಗೇ ಬರುತ್ತದೆ. ಕಾರನ್ನು ಊರ ಹೊರಗೆ ಬಿಟ್ಟು ಟ್ರಾಮ್ ಹಿಡಿಯಿರಿ.

ವಿಳಾಸ ಹುಡುಕುವಾಗ ನಮ್ಮವರು ತಪ್ಪದೆ ಎಡವುವ ಜಾಗ ಇನ್ನೊಂದಿದೆ. ಫ್ಲಾರೆನ್ಸ್‌ನಲ್ಲಿ ಒಂದೇ ಬೀದಿಗೆ ಎರಡು ಸರಣಿಯ ಸಂಖ್ಯೆಗಳು. ಮನೆಗಳಿಗೆ ಕಪ್ಪು ಅಥವಾ ನೀಲಿ, ಅಂಗಡಿ ಹೋಟೆಲುಗಳಿಗೆ ಕೆಂಪು. ಎರಡೂ ತಮ್ಮ ಪಾಡಿಗೆ ತಾವು ಏರುತ್ತವೆ. ಕೆಂಪು 25 ಇರುವ ಹೋಟೆಲು ಕಪ್ಪು 25ರಿಂದ ನೂರು ಹೆಜ್ಜೆ ಆಚೆ ಇರಬಹುದು. ವಿಳಾಸದಲ್ಲಿ ಸಂಖ್ಯೆಯ ನಂತರ 'ಆರ್' ಅಕ್ಷರ ಇದ್ದರೆ ಕೆಂಪು ಸಂಖ್ಯೆ ನೋಡಿ.

3. ದುವೊಮೊ: ಹೊರಗಿನಿಂದ ಒಂದು ಸುತ್ತು

ನಿಲ್ದಾಣದಿಂದ ಹತ್ತು ನಿಮಿಷ. ಗಲ್ಲಿಯ ತಿರುವಿನಲ್ಲಿ ಬಿಳಿ, ಹಸಿರು, ಗುಲಾಬಿ ಅಮೃತಶಿಲೆಯ ಗೋಡೆ ಏಕಾಏಕಿ ಎದುರಾಗುತ್ತದೆ. ಕಟ್ಟಡ ಶುರುವಾದದ್ದು 1296ರಲ್ಲಿ, ಗುಮ್ಮಟದ ಕೆಲಸ ನಡೆದದ್ದು 1420ರಿಂದ 1436ರವರೆಗೆ. ಎಲ್ಲರೂ ಫೋಟೊ ತೆಗೆಯುವ ಆ ಚೆಲುವಾದ ಮುಂಭಾಗ ಮಾತ್ರ ತೀರಾ ಈಚಿನದು, 19ನೇ ಶತಮಾನದ್ದು.

ಚರ್ಚಿನ ಒಳಗೆ ಹೋಗುವುದಕ್ಕೆ ಟಿಕೆಟ್ ಇಲ್ಲ, ಹಾಗಾಗಿಯೇ ಸಾಲು ಉದ್ದ. ಸಾಲು ಕಂಡರೆ ನಿಲ್ಲಬೇಡಿ. ಹೊರಗಿನ ವೈಭವಕ್ಕೆ ಹೋಲಿಸಿದರೆ ಒಳಗೆ ಬಹಳ ಖಾಲಿ ಖಾಲಿ. ಅದರ ಬದಲು ಎದುರಿನ ಎಂಟು ಮೂಲೆಯ ದೀಕ್ಷಾಮಂದಿರಕ್ಕೆ ಬನ್ನಿ. ಪೂರ್ವದ ಬಾಗಿಲಲ್ಲಿ ಶಿಲ್ಪಿ ಗಿಬೆರ್ತಿ ಎರಕ ಹೊಯ್ದ, ಚಿನ್ನದ ಲೇಪದ ಹತ್ತು ಕಂಚಿನ ಫಲಕಗಳಿವೆ. ಈಗ ಅಲ್ಲಿರುವುದು ಪ್ರತಿಕೃತಿ, ಮೂಲ ಬಾಗಿಲು ದುವೊಮೊ ವಸ್ತುಸಂಗ್ರಹಾಲಯದಲ್ಲಿದೆ. ಆದರೂ ಹತ್ತಿರ ನಿಂತು ನೋಡಿ. ಮುಂದಿನ ವ್ಯಕ್ತಿಗಳು ಫಲಕದಿಂದ ಹೊರಗೆ ಚಾಚಿಕೊಂಡಿದ್ದಾರೆ, ಹಿಂದಿನವರು ಗೀರಿದಷ್ಟೇ ತೆಳ್ಳಗೆ; ಅಷ್ಟರಲ್ಲೇ ದೂರ ಹತ್ತಿರದ ಭ್ರಮೆ ಹುಟ್ಟುತ್ತದೆ.

ಬಳಿಕ ಚರ್ಚಿನ ಹಿಂಭಾಗಕ್ಕೆ ನಡೆಯಿರಿ. ನೆಲಹಾಸಿನಲ್ಲಿ ಒಂದು ಬಿಳಿ ಅಮೃತಶಿಲೆಯ ವೃತ್ತ ಇದೆ. ಗುಮ್ಮಟದ ತುದಿಯಲ್ಲಿದ್ದ ಚಿನ್ನದ ಲೇಪದ ಕಂಚಿನ ಚೆಂಡು 1600ರ ಸುಮಾರಿಗೆ ಸಿಡಿಲು ಬಡಿದು ಉರುಳಿಬಿದ್ದ ಜಾಗ ಅದು. ದಿನಕ್ಕೆ ಸಾವಿರಾರು ಜನ ಅದನ್ನು ತುಳಿದುಕೊಂಡೇ ಹೋಗುತ್ತಾರೆ.

ಗುಮ್ಮಟದ ಟಿಕೆಟ್ ಇದ್ದವರು ಈಗ ಹತ್ತಿ. ಅಕಾದೆಮಿಯಾ ಆರಿಸಿಕೊಂಡವರು ಉತ್ತರಕ್ಕೆ ಎಂಟು ಹತ್ತು ನಿಮಿಷ ನಡೆದು, ನೋಡಿಕೊಂಡು ಇಲ್ಲಿಗೇ ಮರಳಿ.

4. ಓರ್ಸಾನ್‌ಮಿಕೆಲೆ, ಸಿನ್ಯೊರಿಯಾ ಚೌಕ

ದುವೊಮೊದಿಂದ ದಕ್ಷಿಣಕ್ಕೆ ಹೋಗುವ ವಿಯಾ ದೇ ಕಾಲ್ಝಾಯುವೊಲಿ (ವಿಯಾ ಎಂದರೆ ಬೀದಿ) ಅಂಗಡಿ ಸಾಲು. ಅದರ ನಡುವೆ ಚರ್ಚೂ ಅಲ್ಲದ, ಕೋಟೆಯೂ ಅಲ್ಲದ ಒಂದು ಚೌಕಾಕಾರದ ಕಟ್ಟಡ: ಓರ್ಸಾನ್‌ಮಿಕೆಲೆ. ಒಂದು ಕಾಲಕ್ಕೆ ಊರಿನ ಧಾನ್ಯದ ಕಣಜ. ಆಮೇಲೆ ಕೆಳಗೆ ಚರ್ಚಾಯಿತು. ಸುತ್ತ ಗೋಡೆಯ ಗೂಡುಗಳಲ್ಲಿ ನಗರದ ವೃತ್ತಿ ಸಂಘಗಳು ಒಂದೊಂದು ಶಿಲ್ಪ ನಿಲ್ಲಿಸಿದವು: ಕವಚ ಮಾಡುವವರು, ಉಣ್ಣೆ ವ್ಯಾಪಾರಿಗಳು, ಹಣ ವಿನಿಮಯದವರು. ಪೈಪೋಟಿ ಜೋರಾಗಿತ್ತು, ಲಾಭ ನಮಗಾಯಿತು.

ಉತ್ತರದ ಗೋಡೆಯಲ್ಲಿ ಕಲ್ಲು ಮರ ಕೆಲಸದವರ ಗೂಡು ಹುಡುಕಿ. ಮೇಲೆ ನಾಲ್ವರು ಸಂತರು ಗಂಭೀರವಾಗಿ ನಿಂತಿದ್ದಾರೆ, ನಾನ್ನಿ ದಿ ಬಾಂಕೊನ ಕೆಲಸ. ಅವರ ಪಾದದ ಕೆಳಗಿನ ಚಿಕ್ಕ ಪಟ್ಟಿಕೆ ನೋಡಿ. ಒಬ್ಬ ಗೋಡೆ ಕಟ್ಟುತ್ತಿದ್ದಾನೆ, ಒಬ್ಬ ಕಂಬಕ್ಕೆ ರಂಧ್ರ ಕೊರೆಯುತ್ತಿದ್ದಾನೆ, ಒಬ್ಬ ಅಳತೆ ನೋಡುತ್ತಿದ್ದಾನೆ, ಕೊನೆಯವನು ಬಗ್ಗಿ ಒಂದು ಮಗುವಿನ ವಿಗ್ರಹ ಕೆತ್ತುತ್ತಿದ್ದಾನೆ. ಶಿಲ್ಪಿಗಳು ತಮ್ಮದೇ ಕಸುಬನ್ನು ಕೆತ್ತಿಕೊಂಡ ಇಂಥ ಪಟ್ಟಿಕೆ ಸುಲಭಕ್ಕೆ ಸಿಗುವುದಿಲ್ಲ. ಇಲ್ಲಿ ಹೊರಗಿರುವ ಮೂರ್ತಿಗಳು ಪ್ರತಿಕೃತಿಗಳು, ಮೂಲಗಳು ಬಹುಪಾಲು ಒಳಗಿನ ಸಂಗ್ರಹಾಲಯದಲ್ಲಿವೆ.

ಮುಂದೆ ಐದು ನಿಮಿಷಕ್ಕೆ ಪಿಯಾಝಾ ದೆಲ್ಲಾ ಸಿನ್ಯೊರಿಯಾ (ಪಿಯಾಝಾ ಎಂದರೆ ಚೌಕ). ಊರನ್ನು ಆಳಿದವರ ಕೋಟೆಯಂಥ ಅರಮನೆ ಪಲಾಝೊ ವೆಕ್ಕಿಯೊ ಇಲ್ಲಿದೆ. ಬಾಗಿಲ ಬಳಿಯ ಡೇವಿಡ್ 1910ರ ಪ್ರತಿಕೃತಿ. ಮೂಲವು 1504ರಿಂದ 1873ರವರೆಗೆ ಇದೇ ಜಾಗದಲ್ಲಿ ಬಿಸಿಲು ಮಳೆಗೆ ನಿಂತಿತ್ತು. ನೆಪ್ಚೂನ್ ಕಾರಂಜಿಯ ಮುಂದೆ ನೆಲದಲ್ಲಿ ಒಂದು ವೃತ್ತಾಕಾರದ ಫಲಕವಿದೆ. ಭೋಗದ ವಸ್ತುಗಳನ್ನೆಲ್ಲ ಸುಡಿಸಿದ ಸನ್ಯಾಸಿ ಸವೊನರೋಲಾನನ್ನು 1498ರ ಮೇ 23ರಂದು ನೇಣಿಗೇರಿಸಿ ಸುಟ್ಟದ್ದು ಅಲ್ಲೇ.

ಹೆಚ್ಚು ಹೊತ್ತು ಕೊಡಬೇಕಾದದ್ದು ಪಕ್ಕದ ಕಮಾನು ಮಂಟಪಕ್ಕೆ, ಲೊಜ್ಜಾ ದೇ ಲಾಂಝಿ. ಶಿಲ್ಪಿ ಚೆಲ್ಲಿನಿಯ ಕಂಚಿನ ಪೆರ್ಸೆಯುಸ್, ಗ್ರೀಕ್ ಪುರಾಣದ ವೀರ, ರಾಕ್ಷಸಿ ಮೆಡೂಸಾಳ ರುಂಡ ಎತ್ತಿ ಹಿಡಿದು ನಿಂತಿದ್ದಾನೆ. ಎಲ್ಲರೂ ಮುಂದೆ ನಿಂತು ಫೋಟೊ ತೆಗೆಯುತ್ತಾರೆ, ನೀವು ಹಿಂದಕ್ಕೆ ಹೋಗಿ. ಅವನ ಶಿರಸ್ತ್ರಾಣದ ಹಿಂಬದಿಯಲ್ಲಿ ಗಡ್ಡದ ಇನ್ನೊಂದು ಮುಖ ಅಡಗಿದೆ. ಅದು ಶಿಲ್ಪಿಯದೇ ಎನ್ನುತ್ತಾರೆ. ಜಾಂಬೊಲೊನ್ಯಾನ ಮೂವರು ಸುತ್ತಿ ಹೆಣೆದುಕೊಂಡ ಶಿಲ್ಪವನ್ನೂ ಸುತ್ತು ಹಾಕಿಯೇ ನೋಡಬೇಕು, ಅದಕ್ಕೆ ಮುಂಭಾಗ ಎಂಬುದೇ ಇಲ್ಲ. ಎಲ್ಲವೂ ಒಂದೇ ಕಲ್ಲಿನದು.

ನೆಪ್ಚೂನ್ ಕಾರಂಜಿಯ ಪಕ್ಕದಲ್ಲಿ ಕುಡಿಯುವ ನೀರಿನ ಉಚಿತ ನಲ್ಲಿ ಇದೆ, ಬಾಟಲಿ ತುಂಬಿಸಿಕೊಳ್ಳಿ.

5. ಪ್ರವಾಹದ ಗೆರೆ, ಆಮೇಲೆ ಊಟ

ಪಲಾಝೊ ವೆಕ್ಕಿಯೊದ ಹಿಂದಿನಿಂದ ಪೂರ್ವಕ್ಕೆ ವಿಯಾ ದೇ ನೇರಿ ಹಿಡಿಯಿರಿ. ಸಾನ್ ರೆಮಿಜೊ ಬೀದಿ ಕೂಡುವ ಮೂಲೆಯಲ್ಲಿ ತಲೆ ಎತ್ತಿ. ಗೋಡೆಯಲ್ಲಿ ಹಳೆಯ ಕಲ್ಲೊಂದು. ಅದರಲ್ಲಿ ಕೆತ್ತಿದ ಕೈಯೊಂದು ಬೆರಳು ಚಾಚಿ ನೀರಿನ ಅಲೆಯನ್ನು ತೋರಿಸುತ್ತಿದೆ. 1333ರ ನವೆಂಬರ್ 4ರಂದು ಅರ್ನೊ ನದಿ ಅಲ್ಲಿಯವರೆಗೆ ಏರಿತ್ತು. ಅದಕ್ಕೂ ಮೇಲೆ, ನೆಲದಿಂದ ಸುಮಾರು ಐದು ಮೀಟರಿನಲ್ಲಿ, ಇನ್ನೊಂದು ಫಲಕ: 1966ರ ನವೆಂಬರ್ 4. ಅದೇ ತಾರೀಖು, 633 ವರ್ಷಗಳ ನಂತರ. ಆ ಎರಡನೆಯ ಪ್ರವಾಹದಲ್ಲಿ ರಾಷ್ಟ್ರೀಯ ಗ್ರಂಥಾಲಯದ ಪುಸ್ತಕಗಳು ಕೆಸರಿನಲ್ಲಿ ಮುಳುಗಿದಾಗ ಲೋಕದ ಮೂಲೆ ಮೂಲೆಗಳಿಂದ ಯುವಕರು ಬಂದು ಕೈಯಿಂದ ಕೈಗೆ ದಾಟಿಸಿ ಹೊರತೆಗೆದರು.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಸಸ್ಯಾಹಾರಿಗಳು ಕೇಳುವುದು ಇದನ್ನೇ. ಈ ಬೀದಿಯ ಸ್ಯಾಂಡ್‌ವಿಚ್ ಅಂಗಡಿಗಳು ಪ್ರಸಿದ್ಧ. ಸ್ಕ್ಯಾಚಾತಾ ಎಂಬುದು ಆಲಿವ್ ಎಣ್ಣೆ, ಉಪ್ಪು ಹಚ್ಚಿದ ಚಪ್ಪಟೆ ಬ್ರೆಡ್ಡು. ಬದನೆ, ಟೊಮೆಟೊ, ಚೀಸ್ ಹಾಕಿಸಿಕೊಳ್ಳಬಹುದು. ಕುಳಿತು ಉಣ್ಣುವುದಾದರೆ ಪಪ್ಪಾ ಅಲ್ ಪೊಮೊದೊರೊ (ಬ್ರೆಡ್ಡು ಟೊಮೆಟೊ ಬೆಂದು ಗಟ್ಟಿಯಾದದ್ದು), ರಿಬೊಲ್ಲಿತಾ (ಬೀನ್ಸ್ ಕಾಳು, ಕಪ್ಪು ಎಲೆಕೋಸು, ಹಳೆಯ ಬ್ರೆಡ್ಡಿನ ಸಾರು). ಇವು ಬಡವರ ಅಡುಗೆ, ರುಚಿಯಾಗಿರುತ್ತವೆ. ಆದರೆ ಕೆಲವೆಡೆ ಮಾಂಸದ ಸಾರು ಸೇರಿಸುತ್ತಾರೆ, ಕೇಳಿಕೊಳ್ಳಿ. "ಸೆಂಝಾ ಕಾರ್ನೆ", ಅಂದರೆ ಮಾಂಸವಿಲ್ಲದೆ, ಎಂದಷ್ಟೇ ಹೇಳಿದರೆ ಮೀನು ಬರುವ ಸಂಭವ ಇದೆ; "ಸೆಂಝಾ ಪೇಶೆ" ಎಂದು ಮೀನನ್ನೂ ಬೇಡವೆನ್ನಿ. ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರಸ ಬಳಸುತ್ತಾರೆ. ಕಟ್ಟುನಿಟ್ಟಿನವರು ಚೀಸ್ ಉದುರಿಸಬೇಡಿ ಎಂದು ಮೊದಲೇ ಹೇಳಬೇಕು. ತಳ್ಳುಗಾಡಿಗಳಲ್ಲಿ ಸಿಗುವ ಲಾಂಪ್ರೆದೊತ್ತೊ ಊರಿನ ಹೆಮ್ಮೆಯ ತಿನಿಸು, ದನದ ನಾಲ್ಕನೆಯ ಹೊಟ್ಟೆಯಿಂದ ಮಾಡಿದ್ದು, ಹೆಸರು ಗೊತ್ತಿರಲಿ. ಇಲ್ಲಿನ ಸಾದಾ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಅಡುಗೆಯವರು ಮರೆತದ್ದಲ್ಲ.

ಬಿಲ್ಲಿನಲ್ಲಿ "ಕೊಪೆರ್ತೊ" ಎಂದು ತಲೆಗೆ ಎರಡು ಮೂರು ಯೂರೋ ಸೇರಿದ್ದರೆ ಜಗಳಕ್ಕೆ ಹೋಗಬೇಡಿ. ಅದು ಮೇಜಿಗೆ ಕುಳಿತದ್ದಕ್ಕೆ ಕೊಡುವ ಶುಲ್ಕ, ಮೆನುವಿನಲ್ಲಿ ಬರೆದಿರುತ್ತದೆ. ಅದರ ಮೇಲೆ ಟಿಪ್ಸ್ ಕಡ್ಡಾಯವಲ್ಲ. ಕಾಫಿಯನ್ನು ಕೌಂಟರಿನಲ್ಲಿ ನಿಂತೇ ಕುಡಿದರೆ ಒಂದು ಬೆಲೆ, ಚೌಕದ ಕುರ್ಚಿಯಲ್ಲಿ ಕುಳಿತರೆ ಅದರ ಮೂರು ನಾಲ್ಕು ಪಟ್ಟು. ಮಧ್ಯಾಹ್ನದ ಅಡುಗೆಮನೆ ಎರಡೂವರೆಗೆ ಮುಚ್ಚುತ್ತದೆ, ನಮ್ಮಂತೆ ಮೂರೂವರೆಗೆ ಊಟ ಕೇಳಿದರೆ ಸಿಗದು. ಬ್ರೆಡ್ಡು ಕಟ್ಟಿಸಿಕೊಂಡವರು ಮನೆಗಳ ಮೆಟ್ಟಿಲ ಮೇಲೆ ಕುಳಿತು ತಿನ್ನಬೇಡಿ. ಈ ಬೀದಿಯೂ ಸೇರಿದಂತೆ ಕೆಲವು ಕಡೆ ಅದನ್ನು ತಡೆಯಲು ನಗರಾಡಳಿತ 2018ರಲ್ಲಿ ದಂಡದ ಆದೇಶವನ್ನೇ ಹೊರಡಿಸಿತ್ತು. ಸಾಂತಾ ಕ್ರೋಚೆ ಚೌಕ ಎರಡು ಹೆಜ್ಜೆ, ಅಲ್ಲಿ ಬೆಂಚುಗಳಿವೆ. ಅಲ್ಲಿನ ಚರ್ಚಿನಲ್ಲಿ ಮೈಕೆಲೆಂಜೆಲೊ, ಗೆಲಿಲಿಯೊ, ಮಾಕಿಯಾವೆಲ್ಲಿಯ ಸಮಾಧಿಗಳಿವೆ, ಟಿಕೆಟ್ ಇದೆ. ನಮ್ಮ ಒಂದು ಟಿಕೆಟ್ ಆಗಲೇ ಮುಗಿದಿದೆ, ಮುಂದೆ ನಡೆಯಿರಿ.

6. ನದಿ, ಸೇತುವೆಗಳು

ನದಿ ದಂಡೆಯಲ್ಲೇ ಪಶ್ಚಿಮಕ್ಕೆ ಬಂದರೆ ಪೋಂಟೆ ವೆಕ್ಕಿಯೊ, ಹಳೆಯ ಸೇತುವೆ. 1333ರ ಪ್ರವಾಹ ಕೊಚ್ಚಿದ್ದನ್ನು 1345ರಲ್ಲಿ ಮತ್ತೆ ಕಟ್ಟಿದರು. ಮೊದಲು ಮಾಂಸದಂಗಡಿಗಳಿದ್ದವು, 1593ರಲ್ಲಿ ದೊರೆ ಫರ್ಡಿನಾಂಡೊ ಮಾಂಸ ಮಾರುವವರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದ. ಅಂದಿನಿಂದ ಚಿನ್ನದ ಅಂಗಡಿಗಳೇ. ಬೆಲೆ ಕೇಳುವ ಧೈರ್ಯ ಇದ್ದವರು ಕೇಳಬಹುದು. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಊರಿನ ಉಳಿದ ಸೇತುವೆಗಳನ್ನೆಲ್ಲ ಸಿಡಿಸಿ ಇದೊಂದನ್ನು ಬಿಟ್ಟಿತು.

ಫೋಟೊ ತೆಗೆಯಲು ಇದರ ಮೇಲೆ ನೂಕಾಡಬೇಡಿ. ಮುಂದಿನ ಸಾಂತಾ ತ್ರಿನಿತಾ ಸೇತುವೆಗೆ ಹೋಗಿ, ಅಲ್ಲಿಂದ ಹಳೆಯ ಸೇತುವೆ ಪೂರ್ತಿ ಕಾಣುತ್ತದೆ. ಸಿಡಿದುಹೋಗಿದ್ದ ಆ ಸೇತುವೆಯನ್ನು ನದಿಯಿಂದ ಎತ್ತಿದ ಕಲ್ಲುಗಳನ್ನೂ ಬಳಸಿ ಮತ್ತೆ ಕಟ್ಟಿದರು. ಮೂಲೆಯ ವಸಂತದೇವತೆಯ ತಲೆ ಮಾತ್ರ ಬಹುಕಾಲ ಸಿಗಲಿಲ್ಲ, 1961ರಲ್ಲಿ ನದಿಯ ಹೂಳಿನಲ್ಲಿ ಸಿಕ್ಕಿತು. ಕುತ್ತಿಗೆಯ ಬೆಸುಗೆ ಇಂದಿಗೂ ಕಾಣುತ್ತದೆ.

ನದಿ ದಾಟಿದರೆ ಒಲ್ತ್ರಾರ್ನೊ, ಆಚೆ ದಡದ ಊರು. ಗಲ್ಲಿಗಳಲ್ಲಿ ಚೌಕಟ್ಟು ಕಟ್ಟುವವರ, ಚರ್ಮದ ಕೆಲಸದವರ ಸಣ್ಣ ಮಳಿಗೆಗಳಿವೆ. ಪಿಟ್ಟಿ ಅರಮನೆಯನ್ನು ಹೊರಗಿನಿಂದ ಕಂಡರೆ ಸಾಕು.

ಜನಜಂಗುಳಿಯಲ್ಲಿ ಎರಡು ಎಚ್ಚರಿಕೆ. ಬೀದಿಯ ಮೇಲೆ ಚಿತ್ರಗಳನ್ನು ಹರಡಿರುತ್ತಾರೆ. ಅಕಸ್ಮಾತ್ ತುಳಿದರೆ ದುಡ್ಡು ಕೇಳಿ ಗಲಾಟೆ ಮಾಡುತ್ತಾರೆ, ಕಣ್ಣು ನೆಲದ ಮೇಲೂ ಇರಲಿ. ಹಾಸಿದ ಬಟ್ಟೆಯ ಮೇಲೆ ಮಾರುವ ನಕಲಿ ಬ್ರ್ಯಾಂಡಿನ ಚೀಲ ಕೊಳ್ಳಬೇಡಿ. ಇಟಲಿಯಲ್ಲಿ ಮಾರಿದವರಿಗಷ್ಟೇ ಅಲ್ಲ, ಕೊಂಡವರಿಗೂ ದಂಡ ಇದೆ, ಅದು ಸಾವಿರಾರು ಯೂರೋ ಆಗಬಹುದು.

7. ಸಂಜೆಯ ಏರುದಾರಿ

ಸೂರ್ಯ ಮುಳುಗುವ ಒಂದೂವರೆ ಗಂಟೆ ಮೊದಲು ಆಚೆ ದಡದಲ್ಲೇ ಪೂರ್ವಕ್ಕೆ ಸಾನ್ ನಿಕ್ಕೊಲೊ ಬಡಾವಣೆಗೆ ನಡೆದು ಮೆಟ್ಟಿಲು ಹತ್ತಿ. ಮೇಲೆ ಪಿಯಾಝಾಲೆ ಮೈಕೆಲೆಂಜೆಲೊ. ಫ್ಲಾರೆನ್ಸ್ ಕೆಲಕಾಲ ಇಟಲಿಯ ರಾಜಧಾನಿಯಾಗಿದ್ದಾಗ, 1869ರಲ್ಲಿ, ರೂಪಿಸಿದ ವಿಶಾಲ ಕಟ್ಟೆ. ಇಡೀ ಊರು ಕಾಲಡಿಗೆ. ಎಲ್ಲರೂ ಇಲ್ಲೇ ನಿಲ್ಲುತ್ತಾರೆ, ಗಿಟಾರು, ಬಾಟಲಿ, ಸೆಲ್ಫಿ ಕೋಲುಗಳ ಸಂತೆ. ನೀವು ಇನ್ನೂ ಐದು ಹತ್ತು ನಿಮಿಷ ಹತ್ತಿ ಸಾನ್ ಮಿನಿಯಾತೊ ಚರ್ಚಿಗೆ ಬನ್ನಿ. ಅದೇ ನೋಟ, ಜನ ಕಡಿಮೆ. 11ನೇ ಶತಮಾನದ ಕಟ್ಟಡ, ಪ್ರವೇಶ ಉಚಿತ, ಒಳಗಿನ ಅಮೃತಶಿಲೆಯ ನೆಲಹಾಸಿನಲ್ಲಿ ರಾಶಿಚಕ್ರ ಕೆತ್ತಿದ್ದಾರೆ. ಬಾಗಿಲು ಮುಚ್ಚುವ ಮೊದಲು ಒಳಗೆ ನೋಡಿ, ಸೂರ್ಯಾಸ್ತ ಹೊರಗಿನ ಜಗಲಿಯಿಂದ. ಹತ್ತಲಾಗದವರು ನಗರ ಬಸ್ಸಿನಲ್ಲಿ ಬರಬಹುದು. ಚೀಟಿಯನ್ನು ಬಸ್ಸಿನೊಳಗಿನ ಯಂತ್ರಕ್ಕೆ ತೋರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು.

8. ಅರ್ಧ ದಿನ ಹೆಚ್ಚಿದ್ದರೆ, ಮತ್ತು ಮರಳುವಾಗ

ಸೋಮವಾರವೇ ಸಿಕ್ಕಿತು, ಅಥವಾ ರಾತ್ರಿ ಉಳಿದಿರಿ ಎನ್ನೋಣ. ಊರಿನ ಪಶ್ಚಿಮಕ್ಕೆ ನದಿ ದಂಡೆಯ ಕಾಶಿನೆ ಉದ್ಯಾನವಿದೆ. ಅದರ ಕಟ್ಟಕಡೆಯ ತುದಿಯಲ್ಲಿ, ಮುನ್ಯೊನೆ ಹೊಳೆ ಅರ್ನೊವನ್ನು ಸೇರುವಲ್ಲಿ, ಬಣ್ಣದ ಛತ್ರಿಯ ಕೆಳಗೆ ಪೇಟ ತೊಟ್ಟ ಭಾರತೀಯ ಯುವಕನ ಎದೆಮಟ್ಟದ ಪ್ರತಿಮೆ. ಅವರು ಕೊಲ್ಹಾಪುರದ ಮಹಾರಾಜ ರಾಜಾರಾಮ. ಇಂಗ್ಲೆಂಡ್ ಪ್ರವಾಸದಿಂದ ಮರಳುವಾಗ 1870ರ ನವೆಂಬರ್‌ನಲ್ಲಿ ಇಲ್ಲೇ ತೀರಿಕೊಂಡರು, ವಯಸ್ಸು ಇಪ್ಪತ್ತು. ನದಿಗಳ ಸಂಗಮದಲ್ಲಿ ಹಿಂದೂ ವಿಧಿಯಂತೆ ದಹನ ನಡೆಯಿತು, ನಾಲ್ಕು ವರ್ಷಗಳ ನಂತರ ಸ್ಮಾರಕ ಎದ್ದಿತು. ಪಕ್ಕದ ಸೇತುವೆಗೂ ಊರವರು 'ಭಾರತೀಯನ ಸೇತುವೆ' ಎಂದೇ ಹೆಸರಿಟ್ಟಿದ್ದಾರೆ. ಬೆಳಗಾವಿ, ಚಿಕ್ಕೋಡಿ ಕಡೆಯವರು, ಕೊಲ್ಹಾಪುರದ ಮಹಾಲಕ್ಷ್ಮಿಗೆ ನಡೆದುಕೊಳ್ಳುವವರು ಖಂಡಿತ ಹೋಗಿಬನ್ನಿ. ಮಧ್ಯ ಊರಿನಿಂದ ಒಂದು ಗಂಟೆಯ ನಡಿಗೆ. ಹಗಲಿನಲ್ಲೇ ಹೋಗಿ, ಕತ್ತಲಾದ ಮೇಲೆ ಆ ಉದ್ಯಾನ ಬೇಡ.

ಮರಳುವ ರೈಲನ್ನು ರಾತ್ರಿ ಎಂಟರ ನಂತರಕ್ಕೆ ಇಟ್ಟುಕೊಳ್ಳಿ. ಬೆಟ್ಟದಿಂದ ನಿಲ್ದಾಣಕ್ಕೆ ಮುಕ್ಕಾಲು ಗಂಟೆ ನಡಿಗೆ, ಸಾಮಾನು ಬಿಡಿಸಿಕೊಳ್ಳಲು ಸಾಲೂ ಇರುತ್ತದೆ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ದಂಡ ಕಟ್ಟಬೇಕು. ಆಸನ ಸಂಖ್ಯೆ ಇರುವ ವೇಗದ ರೈಲಿನ ಟಿಕೆಟ್‌ಗೆ ಈ ಮುದ್ರೆ ಬೇಕಿಲ್ಲ.